ತನ್ನ ಹೆಸರಿನಲ್ಲೇ ಹೊರಟ ಕಾರು



ಒಂದು ದೇಶದ ಕಾರ್ಖಾನೆ ಹೊರದೇಶಗಳಿಗೆ ಕಾರು ಕಳಿಸತೊಡಗಿದರೆ ನಾವು ಮೊದಲು ಕೇಳುವುದು ಎಷ್ಟು ಕಾರು, ಎಷ್ಟು ಡಾಲರು ಎಂದು. ಅದರಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯನ್ನು ಕೇಳುವುದು ಕಡಿಮೆ. ಆ ಕಾರು ಯಾರ ಹೆಸರು ಹೊತ್ತು ಹೋಗುತ್ತದೆ? ದೂರದ ಊರಿನಲ್ಲಿ ಅದು ನಡುರಸ್ತೆಯಲ್ಲಿ ನಿಂತುಬಿಟ್ಟಾಗ ಕೊಂಡವನ ಸಿಟ್ಟು ಯಾರ ಬಾಗಿಲಿಗೆ ಬಂದು ಮುಟ್ಟುತ್ತದೆ? ದಕ್ಷಿಣ ಕೊರಿಯಾದ ಹುಂಡೈ ಕಂಪನಿಯ ಕತೆಯನ್ನು ಈ ಪ್ರಶ್ನೆಯಿಂದ ಹಿಡಿದು ನೋಡಬೇಕೆಂಬುದು ನನ್ನ ಇಂದಿನ ಮಾತಿನ ಉದ್ದೇಶ. 1967ರ ಡಿಸೆಂಬರಿನಲ್ಲಿ ಹುಟ್ಟಿದಾಗ ಅದಕ್ಕೆ ಸ್ವಂತದ್ದೆನ್ನುವ ಒಂದು ಕಾರೂ ಇರಲಿಲ್ಲ. 2022ರ ಹೊತ್ತಿಗೆ ಹುಂಡೈ ಮತ್ತು ಅದರ ಒಡನಾಡಿ ಕಂಪನಿ ಕಿಯಾ ಸೇರಿ, ಟೊಯೋಟಾ ಮತ್ತು ಫೋಕ್ಸ್‌ವ್ಯಾಗನ್ ಗುಂಪುಗಳ ನಂತರ ಜಗತ್ತಿನ ಮೂರನೆಯ ಸ್ಥಾನಕ್ಕೆ ಬಂದವು. ಇದಕ್ಕೆ ಸಾಮಾನ್ಯವಾಗಿ ಮೂರು ಕಾರಣ ಹೇಳುತ್ತಾರೆ: ಅಗ್ಗದ ಕೂಲಿ, ಸರಕಾರದ ಆಸರೆ, ಜಪಾನಿನಿಂದ ಪಡೆದ ತಂತ್ರಜ್ಞಾನ. ಮೂರರಲ್ಲೂ ನಿಜವಿದೆ. ಆದರೆ ಈ ಮೂರೂ ಇದ್ದ ಬೇರೆ ಕಂಪನಿಗಳು ಆ ಎತ್ತರಕ್ಕೆ ಏರಲಿಲ್ಲ. ಹುಂಡೈ ರಫ್ತಿನಲ್ಲಿ ತನ್ನ ಹೆಸರನ್ನೂ ತೀರ್ಮಾನದ ಅಧಿಕಾರವನ್ನೂ ಕೈಬಿಡಲಿಲ್ಲ. ಹಾಗಾಗಿ ಹೊರಗಿನ ಮಾರುಕಟ್ಟೆಯ ಪೆಟ್ಟು ನೇರವಾಗಿ ಅದರ ಮೇಲೆಯೇ ಬಿತ್ತು. ಆ ಪೆಟ್ಟುಗಳೇ ಅದನ್ನು ಬೆಳೆಸಿದವು ಎಂದು ನಾನು ವಾದಿಸುತ್ತೇನೆ.

ಸಂಸ್ಥಾಪಕ ಚುಂಗ್ ಜು-ಯಂಗ್ ರೈತ ಕುಟುಂಬದಿಂದ ಬಂದವರು. 1940ರ ದಶಕದಲ್ಲಿ ಸೋಲ್ ನಗರದಲ್ಲಿ ಮೋಟಾರು ರಿಪೇರಿ ಅಂಗಡಿ ನಡೆಸಿದವರು, 1947ರಲ್ಲಿ ಕಟ್ಟಡ ನಿರ್ಮಾಣದ ಕಂಪನಿ ಕಟ್ಟಿದವರು. ಕಾರು ಕಂಪನಿಯ ಹೊಣೆಯನ್ನು ಅವರು ತಮ್ಮ ಚುಂಗ್ ಸೆ-ಯಂಗ್‌ಗೆ ಒಪ್ಪಿಸಿದರು. ಮೊದಲ ಕೆಲಸ ಅಮೆರಿಕದ ಫೋರ್ಡ್ ಕಂಪನಿಯೊಂದಿಗೆ. 1968ರಲ್ಲಿ ಉಲ್ಸಾನ್ ಎಂಬ ಕಡಲತಡಿಯ ಊರಿನಲ್ಲಿ ಫೋರ್ಡ್ ಕೊರ್ಟಿನಾ ಕಾರುಗಳ ಬಿಡಿಭಾಗಗಳನ್ನು ತರಿಸಿ ಜೋಡಿಸತೊಡಗಿದರು. ಉಲ್ಸಾನ್ ಅದಕ್ಕೆ ಆರು ವರ್ಷ ಮೊದಲು ಸರಕಾರ ಕೈಗಾರಿಕಾ ವಲಯವೆಂದು ಗುರುತಿಸಿದ ಜಾಗ. ಮುಂದಿನ ಹೆಜ್ಜೆಯಾಗಿ ಎರಡೂ ಕಂಪನಿ ಸಮಪಾಲಿನಲ್ಲಿ ಸೇರಿ ಕೊರಿಯಾದಲ್ಲೇ ಎಂಜಿನ್ ಕಾರ್ಖಾನೆ ತೆರೆಯುವ ಮಾತಾಯಿತು. ಆಡಳಿತ ಯಾರದು, ತಯಾರಾದದ್ದು ಹೊರದೇಶಗಳಿಗೆ ಹೋಗಬಹುದೇ ಎಂಬಲ್ಲಿ ಮಾತು ಸಿಕ್ಕಿಹಾಕಿಕೊಂಡಿತು. ಫೋರ್ಡಿನ ದೃಷ್ಟಿಯಿಂದ ನೋಡಿದರೆ ಅದರ ನಿಲುವು ಸಹಜವೇ. ಜಗತ್ತಿನಾದ್ಯಂತ ತನ್ನದೇ ಕಾರ್ಖಾನೆಗಳಿರುವಾಗ ಕೊರಿಯಾದ ಜೋಡಣೆ ಘಟಕವೊಂದು ತನಗೇ ಎದುರಾಳಿಯಾಗಿ ನಿಲ್ಲುವುದನ್ನು ಅದೇಕೆ ಬಯಸೀತು? 1973ರ ಹೊತ್ತಿಗೆ ಆ ಯೋಜನೆ ಮುರಿದುಬಿತ್ತು. ಅದೇ ಸಮಯದಲ್ಲಿ ಪಾರ್ಕ್ ಚುಂಗ್-ಹೀ ಅವರ ಸರಕಾರ ಕೊರಿಯಾದ್ದೇ ಆದ ಅಗ್ಗದ ಚಿಕ್ಕ ಕಾರೊಂದನ್ನು ರೂಪಿಸಬೇಕೆಂದು, ಅದು ಮುಂದೆ ರಫ್ತಿಗೂ ಯೋಗ್ಯವಾಗಿರಬೇಕೆಂದು ಕಂಪನಿಗಳ ಮೇಲೆ ಒತ್ತಡ ತಂದಿತು. ಮುರಿದ ಮಾತುಕತೆ, ಮೇಲಿನಿಂದ ಬಂದ ಒತ್ತಡ, ಇವೆರಡರ ನಡುವೆ ಹುಟ್ಟಿದ್ದು ಪೋನಿ.

ಪೋನಿಯನ್ನು ಹೇಗೆ ಕಟ್ಟಿದರೆಂಬುದನ್ನು ಗಮನವಿಟ್ಟು ನೋಡಬೇಕು. ಇಂಗ್ಲೆಂಡಿನ ಬ್ರಿಟಿಷ್ ಲೇಲ್ಯಾಂಡಿನಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಜಾರ್ಜ್ ಟರ್ನ್‌ಬುಲ್ ಅವರನ್ನು 1974ರಲ್ಲಿ ಸಂಬಳಕ್ಕೆ ಕರೆತಂದರು. ಅವರ ಜೊತೆಗೆ ಇನ್ನೂ ಕೆಲವು ಬ್ರಿಟಿಷ್ ಎಂಜಿನಿಯರುಗಳು ಬಂದರು. ಮೈಕಟ್ಟಿನ ವಿನ್ಯಾಸ ಇಟಲಿಯ ಜೊರ್ಜೆಟೊ ಜುಜಾರೊ ಅವರದು. ಎಂಜಿನ್ ಮತ್ತು ಗೇರ್‌ಬಾಕ್ಸಿನ ತಂತ್ರಜ್ಞಾನ ಜಪಾನಿನ ಮಿತ್ಸುಬಿಷಿಯದು. ಎರಕದ ಕೆಲಸ, ತಗಡು ಒತ್ತುವ ಯಂತ್ರಗಳು, ಬಿಡಿಭಾಗಗಳ ತಯಾರಿಕೆ ಹೀಗೆ ಒಂದೊಂದಕ್ಕೂ ಬೇರೆ ಬೇರೆ ಬಾಗಿಲು ತಟ್ಟಿ, ಒಟ್ಟು ಐದು ದೇಶಗಳ 26 ಕಂಪನಿಗಳ ಬಳಿ ಹೋದರೆಂದು ಕೊರಿಯಾದ ವಿದ್ವಾಂಸ ಲಿನ್ಸು ಕಿಮ್ ದಾಖಲಿಸಿದ್ದಾರೆ. 1974ರ ಅಕ್ಟೋಬರಿನಲ್ಲಿ ಟ್ಯೂರಿನ್ ನಗರದ ಮೋಟಾರು ಪ್ರದರ್ಶನದಲ್ಲಿ ಪೋನಿ ಕಾಣಿಸಿಕೊಂಡಿತು. 1976ರಲ್ಲಿ ಮಾರುಕಟ್ಟೆಗೆ ಬಂತು. ಅದೇ ವರ್ಷ ದಕ್ಷಿಣ ಅಮೆರಿಕದ ಈಕ್ವೆಡಾರಿಗೆ ಹಡಗು ಹತ್ತಿತು. ಕೈಬೆರಳಲ್ಲಿ ಎಣಿಸುವಷ್ಟು ಕಾರುಗಳು. ಆದರೆ ಹಿಂಬದಿಯಲ್ಲಿ ಇದ್ದ ಹೆಸರು ಹುಂಡೈಯದೇ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ರೂಪ ಇಟಲಿಯದು, ಹೃದಯ ಜಪಾನಿನದು, ಮೇಲ್ವಿಚಾರಣೆ ಇಂಗ್ಲೆಂಡಿನದು ಎಂದಾದರೆ ಅದರಲ್ಲಿ ಕೊರಿಯಾದ್ದು ಏನು? ಇದು ತಳ್ಳಿಹಾಕುವ ಮಾತಲ್ಲ. ನನ್ನ ಉತ್ತರ ಇಷ್ಟೆ. ಒಬ್ಬರಿಂದಲೇ ಎಲ್ಲವನ್ನೂ ಎರವಲು ಪಡೆದವನು ಅವರ ಆಳಾಗಿ ಉಳಿಯುತ್ತಾನೆ. ಹಲವು ಕಡೆಯಿಂದ ಪಡೆದವನಿಗೆ ಅವನ್ನು ಒಂದಕ್ಕೊಂದು ಹೊಂದಿಸುವ ಕೆಲಸ ತಾನೇ ಮಾಡದೆ ವಿಧಿಯಿಲ್ಲ. ಇಟಲಿಯ ನಕ್ಷೆಗೂ ಜಪಾನಿನ ಎಂಜಿನ್ನಿಗೂ ಹೊಂದಿಕೆಯಾಗದಿದ್ದರೆ ಅದನ್ನು ಬಿಡಿಸಿಕೊಡುವ ಮೂರನೆಯವರು ಯಾರೂ ಇರಲಿಲ್ಲ. ಉಲ್ಸಾನಿನ ಎಂಜಿನಿಯರುಗಳೇ ಕುಳಿತು ಬಿಡಿಸಬೇಕಿತ್ತು. 1980ರ ದಶಕದ ಆರಂಭದಲ್ಲಿ ಮಿತ್ಸುಬಿಷಿ ಹುಂಡೈಯ ನೂರಕ್ಕೆ ಹತ್ತು ಪಾಲು ಷೇರು ಕೊಂಡಾಗಲೂ ಆಡಳಿತ ಹುಂಡೈಯ ಕೈಯಲ್ಲೇ ಉಳಿಯಿತು. ಮಿತ್ಸುಬಿಷಿಯ ಎದುರಾಳಿಗಳಿಂದಲೂ ತಂತ್ರಜ್ಞಾನ ಕೊಳ್ಳುವ, ಮಿತ್ಸುಬಿಷಿ ಇರುವ ಮಾರುಕಟ್ಟೆಗಳಲ್ಲೇ ಅದಕ್ಕೆ ಎದುರಾಗಿ ಮಾರುವ ಸ್ವಾತಂತ್ರ್ಯವನ್ನೂ ಹುಂಡೈ ಬಿಟ್ಟುಕೊಡಲಿಲ್ಲ. ಅದಕ್ಕೆ ಹೋಲಿಸಿ ಡೇವೂ ಕಂಪನಿಯನ್ನು ನೋಡಿ. ಅದೇ ದೇಶ, ಅದೇ ಸರಕಾರ, ಅದೇ ಕೂಲಿ. ಜೊತೆಗಾರ ಜನರಲ್ ಮೋಟರ್ಸ್, ಅರ್ಧಕ್ಕರ್ಧ ಪಾಲು. 1980ರ ದಶಕದ ಕೊನೆಯಲ್ಲಿ ಡೇವೂ ತಯಾರಿಸಿದ ಕಾರು ಅಮೆರಿಕಕ್ಕೆ ಹೋದದ್ದು ಪಾಂಟಿಯಾಕ್ ಎಂಬ ಜನರಲ್ ಮೋಟರ್ಸ್ ಹೆಸರಿನಲ್ಲಿ. ವಿನ್ಯಾಸ ಜರ್ಮನಿಯ ಓಪೆಲ್‌ನದು. ಎಷ್ಟು ಹೋಗಬೇಕು, ಎಲ್ಲಿ ಮಾರಬೇಕು ಎಂಬುದು ಡೇವೂವಿನ ತೀರ್ಮಾನವಾಗಿರಲಿಲ್ಲ. 1992ರಲ್ಲಿ ಆ ನಂಟು ಬಿಡಿಸಿಕೊಂಡ ಮೇಲೆ ಡೇವೂ ಸಾಲ ಮಾಡಿ ಪೋಲೆಂಡಿನಿಂದ ಉಜ್ಬೇಕಿಸ್ತಾನದವರೆಗೆ, ನಮ್ಮ ದೇಶದವರೆಗೂ ಹರಡಿಕೊಂಡಿತು. ದಶಕ ಮುಗಿಯುವ ಮೊದಲೇ ಕುಸಿದು, 2002ರಲ್ಲಿ ಅದರ ಕಾರು ವ್ಯವಹಾರದ ಬಹುಭಾಗ ಮತ್ತೆ ಜನರಲ್ ಮೋಟರ್ಸ್ ಕೈಸೇರಿತು. ಸ್ವಂತ ಹೆಸರೊಂದೇ ಸಾಲದು ಎಂಬುದನ್ನು ಡೇವೂವಿನ ಉತ್ತರಾರ್ಧ ತೋರಿಸುತ್ತದೆ. ಆ ಹೆಸರಿನ ಹಿಂದೆ ವರ್ಷಗಟ್ಟಲೆ ಕಲಿತ ಕೈಗಳೂ ಬೇಕು.

ಆ ಕಲಿಕೆಯ ಅತಿ ಕಠಿಣ ಅಧ್ಯಾಯ ಉತ್ತರ ಅಮೆರಿಕ. 1984ರಲ್ಲಿ ಕೆನಡಾಕ್ಕೆ ಪೋನಿ ಹೋದಾಗ ಕಂಪನಿ ನಿರೀಕ್ಷಿಸಿದ್ದು ಸುಮಾರು 5,000 ಕಾರುಗಳ ಮಾರಾಟ. ಆದದ್ದು 25,000ಕ್ಕೂ ಹೆಚ್ಚು. ಅಮೆರಿಕದ ಹೊಗೆ ನಿಯಮಗಳನ್ನು ಪೋನಿ ದಾಟುವಂತಿರಲಿಲ್ಲ. ಹಾಗಾಗಿ ಅಲ್ಲಿಗೆ 1986ರಲ್ಲಿ ಮುಂಚಕ್ರ ಚಾಲನೆಯ ಹೊಸ ಕಾರು ಎಕ್ಸೆಲ್ ಹೋಯಿತು. ಬೆಲೆ 4,995 ಡಾಲರು. ಮೊದಲ ವರ್ಷವೇ 1,68,882 ಕಾರುಗಳು ಮಾರಾಟವಾದವು; ಅಮೆರಿಕಕ್ಕೆ ಹೊಸದಾಗಿ ಬಂದ ಯಾವ ವಿದೇಶಿ ಕಂಪನಿಯೂ ಮೊದಲ ವರ್ಷದಲ್ಲಿ ಅಷ್ಟು ಮಾರಿರಲಿಲ್ಲ. ಮರುವರ್ಷ 2,60,000 ದಾಟಿತು. ಇಲ್ಲಿಗೆ ನಿಲ್ಲಿಸಿದರೆ ಇದೊಂದು ವಿಜಯಗಾಥೆ. ಆದರೆ ಎಕ್ಸೆಲ್ ಕೊಂಡವರು ಎರಡು ಮೂರು ವರ್ಷದಲ್ಲೇ ರಿಪೇರಿಗೆ ಅಲೆಯತೊಡಗಿದರು. ಹಳೆಯ ಕಾರಿಗೆ ಬೆಲೆಯೇ ಸಿಗದಾಯಿತು. ಟಿ.ವಿ. ಹಾಸ್ಯ ಕಾರ್ಯಕ್ರಮಗಳಲ್ಲಿ ಹುಂಡೈ ಹೆಸರು ನಗೆಯ ವಸ್ತುವಾಯಿತು. ಕೆನಡಾದ ಕ್ವಿಬೆಕ್ ಪ್ರಾಂತದ ಬ್ರೊಮೊಂಟ್ ಎಂಬಲ್ಲಿ 1989ರಲ್ಲಿ ತೆರೆದ ಕಾರ್ಖಾನೆ ನಾಲ್ಕೈದು ವರ್ಷಗಳಲ್ಲಿ ಬಾಗಿಲು ಹಾಕಿತು. 1998ರಲ್ಲಿ ಅಮೆರಿಕದ ಮಾರಾಟ 90,000ದ ಆಸುಪಾಸಿಗೆ ಇಳಿಯಿತು. ಹತ್ತು ವರ್ಷಗಳಲ್ಲಿ ಮೂರನೆಯ ಒಂದು ಭಾಗಕ್ಕೆ ಕುಸಿತ. ಅಗ್ಗದ ಬೆಲೆಯೇ ರಫ್ತಿನ ಬಲವೆಂದು ಹೇಳುವವರು ಈ ಹತ್ತು ವರ್ಷಗಳಿಗೆ ಉತ್ತರ ಹೇಳಬೇಕಾಗುತ್ತದೆ. ಬೆಲೆ ಆಗಲೂ ಅಗ್ಗವೇ ಇತ್ತು, ಕೊಳ್ಳುವವರು ಇರಲಿಲ್ಲ. ಎಕ್ಸೆಲ್ ಕಾರುಗಳಲ್ಲಿ ಒಂದು ಪಾಲು ಮಿತ್ಸುಬಿಷಿಯ ಹೆಸರಿನಲ್ಲೂ ಅಲ್ಲಿ ಮಾರಾಟವಾಗಿತ್ತು ಎಂಬುದು ನಿಜ. ಅದರಿಂದ ನನ್ನ ವಾದ ಸಡಿಲವಾಗುವುದಿಲ್ಲ. ಕೆಟ್ಟ ಹೆಸರು ಅಂಟಿದ್ದು ಹುಂಡೈಗೆ, ಅದನ್ನು ತೊಳೆದುಕೊಳ್ಳುವ ಹೊಣೆಯೂ ಹುಂಡೈಯದೇ ಆಯಿತು. ಗರಡಿಯಲ್ಲಿ ನೆಲ ಕಚ್ಚಿದವನ ಬದಲು ಬೇರೆಯವನು ಪಟ್ಟು ಕಲಿಯಲಾರ.

ಈ ಏಳುಬೀಳಿನ ವರ್ಷಗಳಲ್ಲೇ ತೆರೆಮರೆಯಲ್ಲಿ ನಡೆದ ಒಂದು ಕೆಲಸ ನನಗೆ ಹುಂಡೈಯ ಇಡೀ ಚರಿತ್ರೆಯಲ್ಲಿ ಅತಿ ಮಹತ್ವದ್ದೆನಿಸುತ್ತದೆ. 1984ರಲ್ಲಿ, ಅಂದರೆ ಕೆನಡಾದ ಗೆಲುವು ಕಾಣಿಸುತ್ತಿದ್ದ ಹೊತ್ತಿನಲ್ಲೇ, ಕಂಪನಿ ಸ್ವಂತ ಎಂಜಿನ್ ರೂಪಿಸಲು ನಿರ್ಧರಿಸಿತು. ಮಿತ್ಸುಬಿಷಿಯ ಎಂಜಿನ್ ಕೈಗೆ ಸಿಗುತ್ತಿದ್ದಾಗ ಇದರ ಅಗತ್ಯವೇನು ಎಂದು ಕೇಳಿದವರಿದ್ದರು. ಆದರೆ ಪ್ರತಿ ಕಾರಿಗೂ ರಾಯಧನ ತೆರಬೇಕು. ಹೊಸ ತಲೆಮಾರಿನ ಎಂಜಿನ್ ಬೇಕೆಂದರೆ ಕೊಡುವವರ ಮರ್ಜಿ ಕಾಯಬೇಕು. ಸೋಲ್‌ನ ದಕ್ಷಿಣಕ್ಕಿರುವ ಯೊಂಗಿನ್ ಬಳಿ ಪ್ರತ್ಯೇಕ ಸಂಶೋಧನಾ ಕೇಂದ್ರ ತೆರೆದರು. ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಕೊರಿಯಾದ ಎಂಜಿನಿಯರ್ ಲೀ ಹ್ಯುನ್-ಸೂನ್ ಅವರನ್ನು ಕರೆಸಿದರು. ಇಂಗ್ಲೆಂಡಿನ ರಿಕಾರ್ಡೊ ಸಂಸ್ಥೆಯ ನೆರವು ಪಡೆದರು. ಲಿನ್ಸು ಕಿಮ್ ಬರೆಯುವಂತೆ, ಹದಿನಾಲ್ಕು ತಿಂಗಳ ದುಡಿಮೆಯ ನಂತರ ತಯಾರಾದ ಮೊದಲ ಮಾದರಿ ಎಂಜಿನ್ ಮೊದಲ ಪರೀಕ್ಷೆಯಲ್ಲೇ ಒಡೆದುಹೋಯಿತು. ಆಮೇಲೆ ಹೆಚ್ಚುಕಡಿಮೆ ವಾರಕ್ಕೊಂದರಂತೆ ಎಂಜಿನ್‌ಗಳು ಒಡೆದವು. ಇನ್ನೂ ಹನ್ನೊಂದು ಎಂಜಿನ್ ಚೂರಾದ ಮೇಲೆ ಒಂದು ಪರೀಕ್ಷೆ ದಾಟಿತು. ವಿನ್ಯಾಸದಲ್ಲಿ 288 ಬದಲಾವಣೆಗಳಾದವು. ಎಲ್ಲ ಬಗೆಯ ಪರೀಕ್ಷೆಗೂ ಸೇರಿ ಕಟ್ಟಿದ ಎಂಜಿನ್‌ಗಳ ಸಂಖ್ಯೆ 324. ಏಳು ವರ್ಷಗಳ ನಂತರ, 1991ರಲ್ಲಿ ಆಲ್ಫಾ ಎಂಬ ಹೆಸರಿನ ಆ ಎಂಜಿನ್ ಬಂತು. ಕೊರಿಯಾದ ಎಂಜಿನಿಯರುಗಳು ಸ್ವತಃ ರೂಪಿಸಿದ ಮೊದಲ ಪೆಟ್ರೋಲ್ ಕಾರು ಎಂಜಿನ್ ಅದು. ಅಷ್ಟು ಒಡೆದ ಕಬ್ಬಿಣದ ಖರ್ಚನ್ನು ತಾಳಿಕೊಂಡು, ತಂಡವನ್ನು ಚದುರಿಸದೆ ಕಂಪನಿ ಏಳು ವರ್ಷ ಕಾಯಿತಲ್ಲ, ಆ ತಾಳ್ಮೆಗೆ ನಾನು ಮನಸಾರೆ ತಲೆಬಾಗುತ್ತೇನೆ. ತಂತ್ರಜ್ಞಾನ ವರ್ಗಾವಣೆಯ ಒಪ್ಪಂದಕ್ಕೆ ಸಹಿ ಹಾಕಿದ ದಿನ ಬರುವುದು ನಕ್ಷೆ ಮಾತ್ರ. ಎಂಜಿನ್ ಏಕೆ ಒಡೆಯಿತು ಎಂಬ ತಿಳಿವು ಒಡೆದವನಿಗಷ್ಟೇ ದಕ್ಕುತ್ತದೆ.

ಇನ್ನು ಸರಕಾರದ ಆಸರೆಯ ಮಾತು. ಅದಿಲ್ಲದೆ ಹುಂಡೈ ಇಲ್ಲ ಎಂಬುದನ್ನು ಮರೆಮಾಚುವ ಕಾರಣವಿಲ್ಲ. 1980ರ ದಶಕದ ಉತ್ತರಾರ್ಧದವರೆಗೆ ಕೊರಿಯಾಕ್ಕೆ ವಿದೇಶಿ ಕಾರು ಬರುವಂತಿರಲಿಲ್ಲ. ಜಪಾನಿನ ಕಾರುಗಳಿಗಂತೂ 1999ರವರೆಗೆ ಬಾಗಿಲು ಮುಚ್ಚಿತ್ತು. ಬ್ಯಾಂಕುಗಳ ಅಗ್ಗದ ಸಾಲ ರಫ್ತು ಮಾಡುವವರ ಕಡೆಗೆ ಹರಿಯಿತು. ಹೊರಗೆ ಅಗ್ಗಕ್ಕೆ ಮಾರಿದ ಕಾರಿನ ನಷ್ಟವನ್ನು ಒಳಗಿನ ಗ್ರಾಹಕರು ಹೆಚ್ಚು ಬೆಲೆ ಕೊಟ್ಟು ತುಂಬಿದರು. ಆದರೆ ಆಸರೆಯೊಂದರಿಂದಲೇ ರಫ್ತುದಾರ ಹುಟ್ಟುವುದಾದರೆ ನಮ್ಮ ದೇಶದಲ್ಲಿ ಅಂಥವನು ಮೊದಲೇ ಹುಟ್ಟಬೇಕಿತ್ತು. ಹಿಂದುಸ್ತಾನ್ ಮೋಟರ್ಸ್ 1950ರ ದಶಕದ ಕೊನೆಯಲ್ಲಿ ಬ್ರಿಟಿಷ್ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಅಂಬಾಸಡರ್ ಎಂಬ ಹೆಸರಿನಲ್ಲಿ ತಯಾರಿಸತೊಡಗಿತು. ಹುಂಡೈ ಹುಟ್ಟುವುದಕ್ಕೆ ಸುಮಾರು ಹತ್ತು ವರ್ಷ ಮೊದಲು. ಮುಂಬಯಿಯ ಪ್ರೀಮಿಯರ್ ಕಂಪನಿ ಇಟಲಿಯ ಫಿಯೆಟ್ ಕಾರನ್ನು ತಯಾರಿಸಿತು. ಇಬ್ಬರಿಗೂ ವಿದೇಶಿ ಪೈಪೋಟಿಯ ಭಯವಿರಲಿಲ್ಲ. ಅಂಬಾಸಡರ್ 2014ರವರೆಗೆ, ಮೈಕಟ್ಟಿನಲ್ಲಿ ಹೆಚ್ಚು ಬದಲಾವಣೆಯಿಲ್ಲದೆ ತಯಾರಾಯಿತು. ನಮ್ಮವರ ಪಾಲಿಗೆ ನ್ಯಾಯ ಹೇಳಬೇಕೆಂದರೆ, ಕಾರು ಶ್ರೀಮಂತರ ವಸ್ತುವೆಂದು ಬಗೆದ ನಮ್ಮ ಸರಕಾರ ಎಷ್ಟು ತಯಾರಿಸಬೇಕೆಂಬುದನ್ನೂ ಲೈಸೆನ್ಸಿನಲ್ಲಿ ಕಟ್ಟಿಹಾಕಿತ್ತು. ಬೆಳೆಯಲು ಬಿಡದೆ ಕಾಪಾಡುವ ನೀತಿ ಅದು. ಕೊರಿಯಾದ ಸರಕಾರ ಕಾಪಾಡಿದ್ದಕ್ಕೆ ಪ್ರತಿಯಾಗಿ ರಫ್ತಿನ ಲೆಕ್ಕ ಕೇಳಿತು. ಅರ್ಥಶಾಸ್ತ್ರಜ್ಞೆ ಆಲಿಸ್ ಆಮ್ಸ್‌ಡೆನ್ 1989ರ ತಮ್ಮ ಗ್ರಂಥದಲ್ಲಿ ಒತ್ತಿ ಹೇಳಿದ್ದು ಇದನ್ನೇ: ಸಹಾಯಧನ ಎಲ್ಲ ದೇಶಗಳೂ ಕೊಟ್ಟಿವೆ, ಪಡೆದವರಿಂದ ಫಲ ಕೇಳುವ ಶಿಸ್ತು ಕೊರಿಯಾದ ವಿಶೇಷ. ನಾನು ಇದಕ್ಕೆ ಒಂದು ತಿದ್ದುಪಡಿ ಸೇರಿಸುತ್ತೇನೆ. ಸರಕಾರವೂ ಎಡವಿತ್ತು. 1980ರಲ್ಲಿ ಸೇನಾಡಳಿತ ಹುಂಡೈಯನ್ನು ಜನರಲ್ ಮೋಟರ್ಸ್ ಪಾಲುದಾರಿಕೆಯ ಕಂಪನಿಯೊಂದಿಗೆ ಸೇರಿಸಿಬಿಡಲು ಹೊರಟಿತ್ತು. ಆಡಳಿತ ಯಾರದೆಂಬ ಪ್ರಶ್ನೆಯಲ್ಲಿ ಚುಂಗ್ ಜು-ಯಂಗ್ ಜಗ್ಗಲಿಲ್ಲ, ವಿಲೀನ ಬಿದ್ದುಹೋಯಿತು. ಅಂದು ಅವರು ತಲೆಯಾಡಿಸಿದ್ದರೆ ಆಲ್ಫಾ ಎಂಜಿನ್ ಬಹುಶಃ ಹುಟ್ಟುತ್ತಲೇ ಇರಲಿಲ್ಲ.

ಅಗ್ಗದ ಕೂಲಿಯ ವಾದಕ್ಕೆ ಉತ್ತರ ಇತಿಹಾಸವೇ ಕೊಟ್ಟಿದೆ. ಮಿಲಿಟರಿ ಆಳ್ವಿಕೆಯಲ್ಲಿ ಸಂಘ ಕಟ್ಟುವ ಹಕ್ಕನ್ನು ತುಳಿದು, ದೀರ್ಘ ದುಡಿಮೆ ಮಾಡಿಸಿ ಪಡೆದ ಅಗ್ಗ ಅದು. 1987ರ ಬೇಸಗೆಯಲ್ಲಿ ಕೊರಿಯಾದ ಕಾರ್ಮಿಕರು ಎದ್ದು ನಿಂತರು. ಆ ಮಹಾ ಹೋರಾಟದ ಕೇಂದ್ರವೇ ಉಲ್ಸಾನ್ ಆಗಿತ್ತು. ಆಮೇಲೆ ಕೂಲಿ ವರ್ಷ ವರ್ಷವೂ ಏರಿತು. ರಫ್ತು ಅದರಿಂದ ಸತ್ತುಹೋಗಬೇಕಿತ್ತಲ್ಲವೇ? ಹುಂಡೈ ಜಗತ್ತಿನ ದೊಡ್ಡ ಕಂಪನಿಯಾದದ್ದು ಕೂಲಿ ದುಬಾರಿಯಾದ ನಂತರದ ದಶಕಗಳಲ್ಲಿ. ಆದರೂ ಈ ಬೆಳವಣಿಗೆಯ ಲೆಕ್ಕ ಬರೆಯುವಾಗ ಕಾರ್ಮಿಕರು ತೆತ್ತ ಬೆಲೆಯನ್ನು ಅಂಚಿನ ಟಿಪ್ಪಣಿಯಾಗಿಸುವುದು ಅನ್ಯಾಯ. ಏಷ್ಯಾದ ಆರ್ಥಿಕ ಬಿಕ್ಕಟ್ಟಿನ ನಂತರ, 1998ರಲ್ಲಿ, ಸಾವಿರಾರು ಜನರನ್ನು ತೆಗೆಯಲು ಕಂಪನಿ ಹೊರಟಾಗ ಉಲ್ಸಾನಿನಲ್ಲಿ ವಾರಗಟ್ಟಲೆ ಮುಷ್ಕರ ನಡೆಯಿತು. ಕೊನೆಗೆ ಆದ ರಾಜಿಯಲ್ಲಿ ವಜಾ ಆದವರಲ್ಲಿ ದೊಡ್ಡ ಪಾಲು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸರು. ಕಂಪನಿಗೂ ಸಂಘಕ್ಕೂ ನಡುವೆ ಸಿಕ್ಕಿ ನಲುಗಿದವರು ಅವರು.

ಅದೇ 1998 ಇನ್ನೊಂದು ತಿರುವಿನ ವರ್ಷ. ದಿವಾಳಿಯಾದ ಕಿಯಾವನ್ನು ಹುಂಡೈ ಹರಾಜಿನಲ್ಲಿ ಗೆದ್ದಿತು. ಆಡಳಿತ ಸಂಸ್ಥಾಪಕರ ಮಗ ಚುಂಗ್ ಮಾಂಗ್-ಕೂ ಅವರ ಕೈಗೆ ಬಂತು. ಅವರು ಹಿಂದೆ ವರ್ಷಗಟ್ಟಲೆ ನಡೆಸಿದ್ದು ಮಾರಾಟದ ನಂತರದ ಸರ್ವಿಸ್ ವಿಭಾಗವನ್ನು, ಅಂದರೆ ಕೊಂಡವರ ದೂರುಗಳು ಬಂದು ಬೀಳುವ ಜಾಗವನ್ನು. ಇದು ಆಕಸ್ಮಿಕವಿರಬಹುದು, ಆದರೂ ಫಲ ದೊಡ್ಡದಾಯಿತು. ಎಂಜಿನ್ ಮತ್ತು ಗೇರ್‌ಬಾಕ್ಸಿಗೆ ಹತ್ತು ವರ್ಷ ಅಥವಾ ಒಂದು ಲಕ್ಷ ಮೈಲಿಗಳ ವಾರಂಟಿಯನ್ನು ಅಮೆರಿಕದಲ್ಲಿ ಘೋಷಿಸಿದರು. ಕೆಟ್ಟ ಹೆಸರಿನ ಕಂಪನಿಯೊಂದು ಇಂಥ ಭರವಸೆ ಕೊಡುವುದು ಹುಚ್ಚು ಸಾಹಸವೆಂದು ಕಂಡರೆ ಆಶ್ಚರ್ಯವಿಲ್ಲ. ಅದರೊಳಗಿನ ತರ್ಕ ಸರಳ: ಇನ್ನು ಮುಂದೆ ಕೆಟ್ಟ ಕಾರಿನ ಖರ್ಚು ಕೊಂಡವನದಲ್ಲ, ಕಂಪನಿಯದು; ಆದ್ದರಿಂದ ಕಾರ್ಖಾನೆಯಲ್ಲೇ ತಪ್ಪು ಹಿಡಿಯುವುದು ಲಾಭದ ವಿಷಯವಾಗುತ್ತದೆ. ಅಲ್ಲಿನ ಮಾರಾಟ 2000ದಲ್ಲಿ 2,40,000 ದಾಟಿತು. 2004ರಲ್ಲಿ ಜೆ.ಡಿ. ಪವರ್ ಸಂಸ್ಥೆಯ ಹೊಸ ಕಾರುಗಳ ಗುಣಮಟ್ಟದ ಸಮೀಕ್ಷೆಯಲ್ಲಿ ಹುಂಡೈ ಟೊಯೋಟಾದ ಹಿಂದೆ, ಹೋಂಡಾದ ಸಮಕ್ಕೆ ನಿಂತಿತು. ಅದೇ ವರ್ಷಗಳಲ್ಲಿ ಹುಂಡೈ ರೂಪಿಸಿದ ಥೀಟಾ ಎಂಜಿನ್ನಿನ ತಳಹದಿಯನ್ನು ಮಿತ್ಸುಬಿಷಿ ಮತ್ತು ಕ್ರೈಸ್ಲರ್ ಕೂಡ ಬಳಸಿಕೊಂಡವು. ಪೋನಿಗೆ ಎಂಜಿನ್ ಕೊಟ್ಟ ಮಿತ್ಸುಬಿಷಿಯೇ ಈಗ ಪಡೆಯುವ ಸಾಲಿನಲ್ಲಿತ್ತು. ಹಾಗೆಂದು ಪಾಠ ಒಮ್ಮೆ ಕಲಿತರೆ ಮುಗಿಯಿತೆಂದಲ್ಲ. ಅದೇ ಥೀಟಾ ಎಂಜಿನ್ನಿನ ಎರಡನೆಯ ಪೀಳಿಗೆಯಲ್ಲಿ ದೋಷ ಕಂಡು 2015ರಿಂದ ಲಕ್ಷಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಕರೆಸಲು ತಡ ಮಾಡಿದ್ದಕ್ಕೆ 2020ರಲ್ಲಿ ಅಮೆರಿಕ ಸರಕಾರದೊಂದಿಗೆ ದಂಡದ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಚುಂಗ್ ಮಾಂಗ್-ಕೂ ಅವರೂ 2007ರಲ್ಲಿ ಕಂಪನಿಯ ಹಣ ದುರುಪಯೋಗದ ಪ್ರಕರಣದಲ್ಲಿ ಅಪರಾಧಿ ಎನಿಸಿ, ಮರುವರ್ಷ ಕ್ಷಮಾದಾನ ಪಡೆದರು. ಈ ಕುಟುಂಬದ ಆಳ್ವಿಕೆಯನ್ನು ಹಾಡಿ ಹೊಗಳುವುದು ನನ್ನ ಕೆಲಸವಲ್ಲ. ಕಂಪನಿ ಕಲಿತ ಬಗೆಯನ್ನು ತೋರಿಸುವುದಷ್ಟೇ ಉದ್ದೇಶ.

ನಮ್ಮ ದೇಶದ ವಿಷಯಕ್ಕೆ ಬರುವುದಾದರೆ, ಹುಂಡೈ 1996ರಲ್ಲಿ ಚೆನ್ನೈ ಬಳಿಯ ಶ್ರೀಪೆರಂಬುದೂರಿನ ಸೀಮೆಗೆ ಬಂತು. 1998ರ ಸೆಪ್ಟೆಂಬರಿನಲ್ಲಿ ಸ್ಯಾಂಟ್ರೊ ಹೊರಬಂತು. ಬೆಂಗಳೂರಿನ ರಸ್ತೆಗಳಲ್ಲಿ ಮಧ್ಯಮವರ್ಗದ ಎಷ್ಟೋ ಮನೆಗಳ ಮೊದಲ ಕಾರು ಅದು. ಚೆನ್ನೈಯ ಬಂದರಿನಿಂದ ಹುಂಡೈ ಕಾರುಗಳು ಹತ್ತಾರು ದೇಶಗಳಿಗೆ ಹೋಗುತ್ತವೆ. ಕರ್ನಾಟಕದ ಗಡಿಗೆ ಹತ್ತಿರದ, ವಿಜಯನಗರದ ಅರಸರ ನೆನಪಿನ ಪೆನುಕೊಂಡೆಯ ಬಳಿ 2019ರಲ್ಲಿ ಕಿಯಾ ಕಾರ್ಖಾನೆ ಆರಂಭವಾಯಿತು. ಅಲ್ಲಿಂದಲೂ ಕಾರುಗಳು ಹಡಗು ಹತ್ತುತ್ತವೆ. ಇದರಿಂದ ಸಿಕ್ಕಿದ ಕೆಲಸ, ಬಿಡಿಭಾಗ ತಯಾರಕರು ಕಲಿತ ಶಿಸ್ತು, ಇವೆಲ್ಲ ಸಣ್ಣ ಲಾಭವಲ್ಲ. ಆದರೆ ಇದನ್ನು ಪೋನಿಯ ರಫ್ತಿಗೆ ಸಮನೆಂದು ಭಾವಿಸಬಾರದು; ಇಲ್ಲಿ ಹೆಸರೂ ತೀರ್ಮಾನವೂ ನಮ್ಮದಲ್ಲ. ಪೋನಿಗೆ ನಮ್ಮಲ್ಲಿ ನಿಜವಾದ ಸೋದರ ಟಾಟಾ ಇಂಡಿಕಾ. ಸ್ಯಾಂಟ್ರೊ ಬಂದ ವರ್ಷವೇ, 1998ರ ಡಿಸೆಂಬರಿನಲ್ಲಿ ಬಂತು. ಮೈಕಟ್ಟಿನ ವಿನ್ಯಾಸಕ್ಕೆ ಟ್ಯೂರಿನ್ ನಗರದ ಸಂಸ್ಥೆಯ ನೆರವು, ಎಂಜಿನ್ನಿಗೆ ಫ್ರಾನ್ಸಿನವರ ಸಲಹೆ, ಹೊಂದಿಸುವ ಹೊಣೆ ಪುಣೆಯ ಎಂಜಿನಿಯರುಗಳದು. ಮೊದಲ ಕಾರುಗಳ ಬಗ್ಗೆ ದೂರುಗಳು ಸಾಲುಗಟ್ಟಿದವು. ದೂರುಗಳು ಪುಣೆಗೇ ಬಂದು ಮುಟ್ಟಿದ್ದರಿಂದ 2001ರಲ್ಲಿ ತಿದ್ದಿದ ಇಂಡಿಕಾ ವಿ-2 ಬಂತು, ಜನ ಅದನ್ನು ಒಪ್ಪಿದರು. 2003ರಲ್ಲಿ ಅದೇ ಕಾರು ಇಂಗ್ಲೆಂಡಿಗೆ ಹೋದಾಗ ಮಾತ್ರ ಹೆಸರು ಬದಲಾಗಿತ್ತು; ರೋವರ್ ಕಂಪನಿ ಅದನ್ನು ಸಿಟಿರೋವರ್ ಎಂದು ಮಾರಿತು. ಬೆಲೆ ಇಟ್ಟವರು, ಡೀಲರುಗಳನ್ನು ನಡೆಸಿದವರು, ಕೊಂಡವರ ಮಾತು ಕೇಳಿಸಿಕೊಂಡವರು ಎಲ್ಲ ಅವರೇ. 2005ರಲ್ಲಿ ರೋವರ್ ಮುಳುಗಿತು. ಈಕ್ವೆಡಾರಿನಿಂದ ಕೆನಡಾಕ್ಕೆ, ಕೆನಡಾದಿಂದ ಅಮೆರಿಕಕ್ಕೆ ಹೋಗಲು ಹುಂಡೈಗೆ ಹತ್ತು ವರ್ಷ ಸಿಕ್ಕಿತ್ತು. ಇಂಗ್ಲೆಂಡಿನ ರಸ್ತೆಗಳಲ್ಲಿ ಇಂಡಿಕಾಕ್ಕೆ ಸಿಕ್ಕಿದ್ದು ಎರಡು ವರ್ಷ, ಅದೂ ಬೇರೆಯವರ ಹೆಸರಿನಲ್ಲಿ.